ಪಿಟಿಎ ಪ್ರಕರಣ: ತನಿಖೆಯ ಲೆಕ್ಕ ಉಳಿಯಿತು, ಸುಂಕ ಉಳಿಯಲಿಲ್ಲ

2020ರ ಫೆಬ್ರುವರಿ 1, ಬಜೆಟ್ ದಿನ. ಎಲ್ಲರ ಕಣ್ಣು ಆದಾಯ ತೆರಿಗೆಯ ಮೇಲಿತ್ತು. ಹೊಸ ತೆರಿಗೆ ಪದ್ಧತಿ ಬಂದಿತ್ತು. ಹಳೆಯದರಲ್ಲೇ ಇರಬೇಕಾ, ಹೊಸದಕ್ಕೆ ಹೋಗಬೇಕಾ ಎಂದು ಟಿವಿಗಳಲ್ಲಿ ಲೆಕ್ಕಾಚಾರ ಶುರುವಾಗಿತ್ತು. ನಿರ್ಮಲಾ ಸೀತಾರಾಮನ್ ಎರಡೂವರೆ ಗಂಟೆಗೂ ಜಾಸ್ತಿ ಹೊತ್ತು ಓದಿ, ಕೊನೆಯ ಎರಡು ಪುಟ ಉಳಿಸಿಕೊಂಡೇ ಕುಳಿತರು. ಆ ಭಾಷಣದ ಪ್ರತಿಯಲ್ಲಿ, ಸುಂಕಗಳ ಭಾಗದಲ್ಲಿ, ಒಂದು ಚಿಕ್ಕ ಪ್ಯಾರಾ ಇತ್ತು. ಪಾಲಿಯೆಸ್ಟರ್ ನೂಲಿನ ಕಚ್ಚಾ ವಸ್ತುವಾದ ಪಿಟಿಎ ಎಂಬ ರಾಸಾಯನಿಕದ ಮೇಲಿನ ಆ್ಯಂಟಿ ಡಂಪಿಂಗ್ ಸುಂಕವನ್ನು (ವಿದೇಶಿ ಕಂಪನಿಗಳು ತಮ್ಮ ದೇಶದ ಬೆಲೆಗಿಂತ ಕಡಿಮೆಗೆ ಇಲ್ಲಿ ಮಾರುವ ಸರಕಿನ ಮೇಲೆ ಹಾಕುವ ಹೆಚ್ಚುವರಿ ಸುಂಕ) ಸಾರ್ವಜನಿಕ ಹಿತಕ್ಕಾಗಿ ತೆಗೆದುಹಾಕುತ್ತಿದ್ದೇವೆ ಎಂದು.

ಹೆಚ್ಚಿನವರು ಅದನ್ನು ಗಮನಿಸಲೇ ಇಲ್ಲ. ಸೂರತ್‌ನ ನೂಲಿನ ಮಾರುಕಟ್ಟೆಗೆ ಮಾತ್ರ ಆ ಪ್ಯಾರಾವೇ ಬಜೆಟ್.

ಆ ಸುಂಕದ ಹಿಂದೆ ಆರೇಳು ವರ್ಷಗಳ ಕೆಲಸವಿತ್ತು. ಅರ್ಜಿ, ತನಿಖೆ, ವಿಚಾರಣೆ, ಸ್ಥಳ ಪರಿಶೀಲನೆ, ಮತ್ತೆ ತನಿಖೆ, ಮರುಪರಿಶೀಲನೆ. ಕೊನೆಯ ಮುಂದುವರಿಕೆಯ ಆದೇಶ ಬಂದು ಏಳು ತಿಂಗಳೂ ಆಗಿರಲಿಲ್ಲ. ತನಿಖೆ ತಪ್ಪಾಗಿತ್ತು ಎಂದು ಆ ಪ್ಯಾರಾ ಹೇಳಲಿಲ್ಲ. ಸುಮ್ನೆ ಸುಂಕ ಬೇಡ ಎಂದಿತು. ಈ ಪ್ರಕರಣ ನನಗೆ ಕುತೂಹಲ ಹುಟ್ಟಿಸಿದ್ದು ಅದಕ್ಕೇ.

ಬಿಳಿ ಪುಡಿಯ ಕಥೆ

ಪಿಟಿಎ ಅಂದರೆ ಪ್ಯೂರಿಫೈಡ್ ಟೆರೆಫ್ತಾಲಿಕ್ ಆಸಿಡ್. ಹೆಸರಲ್ಲಿ ಆಸಿಡ್ ಇದ್ದರೂ ನೋಡಲು ಮೈದಾ ಹಿಟ್ಟಿನಂಥ ಬಿಳಿ ಪುಡಿ. ಕಚ್ಚಾ ತೈಲದಿಂದ ನಾಫ್ತಾ, ನಾಫ್ತಾದಿಂದ ಪ್ಯಾರಾಕ್ಸೈಲೀನ್, ಪ್ಯಾರಾಕ್ಸೈಲೀನ್‌ನಿಂದ ಪಿಟಿಎ. ಪ್ಯಾರಾಕ್ಸೈಲೀನ್ ಅನ್ನು ಅಸಿಟಿಕ್ ಆಸಿಡ್‌ನಲ್ಲಿ ಬೆರೆಸಿ, ಕೋಬಾಲ್ಟ್ ಮತ್ತು ಮ್ಯಾಂಗನೀಸ್ ವೇಗವರ್ಧಕ ಹಾಕಿ, ಒತ್ತಡದಲ್ಲಿ ಗಾಳಿ ಹಾಯಿಸುತ್ತಾರೆ. ಬಂದದ್ದನ್ನು ಹೈಡ್ರೋಜನ್ ಬಳಸಿ ಶುದ್ಧ ಮಾಡುತ್ತಾರೆ. ಒಂದು ಟನ್ ಪಿಟಿಎಗೆ ಸುಮಾರು 660 ಕಿಲೋ ಪ್ಯಾರಾಕ್ಸೈಲೀನ್ ಬೇಕು.

ಈ ಪುಡಿಗೆ ಗ್ಲೈಕಾಲ್ ಸೇರಿದರೆ ಪಾಲಿಯೆಸ್ಟರ್. ಒಂದು ಕಿಲೋ ಪಾಲಿಯೆಸ್ಟರ್‌ಗೆ ಸುಮಾರು 860 ಗ್ರಾಂ ಪಿಟಿಎ ಹೋಗುತ್ತದೆ. ನಿಮ್ಮ ಶರ್ಟು, ಸೀರೆ, ಶಾಲೆಯ ಯೂನಿಫಾರ್ಮು, ಸೋಫಾದ ಬಟ್ಟೆ, ನೀರಿನ ಬಾಟಲಿ ಎಲ್ಲದರಲ್ಲೂ ಇದು ಇದೆ. ಪಿಟಿಎಯನ್ನು ಅಂಗಡಿಯಲ್ಲಿ ಯಾರೂ ಕೊಳ್ಳುವುದಿಲ್ಲ. ಆದರೂ ಎಲ್ಲರೂ ಅದಕ್ಕೆ ದುಡ್ಡು ಕೊಡುತ್ತಾರೆ.

ಭಾರತದಲ್ಲಿ ಇದನ್ನು ತಯಾರಿಸುವವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ರಿಲಯನ್ಸ್ ಅತಿ ದೊಡ್ಡದು. ಹಲ್ದಿಯಾದಲ್ಲಿ ಜಪಾನಿನ ಮಿತ್ಸುಬಿಶಿ ಕೆಮಿಕಲ್ ಕಟ್ಟಿದ ಘಟಕ. ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್‌ನದ್ದು. ಕೊಳ್ಳುವವರು ಜಾಸ್ತಿ: ಪಾಲಿಯೆಸ್ಟರ್ ಚಿಪ್ಸ್, ನೂಲು, ಫೈಬರ್ ಮಾಡುವ ಗಿರಣಿಗಳು. ಅವರ ಹಿಂದೆ ನೂಲಿಗೆ ಸುಕ್ಕು ಕೊಡುವ ಟೆಕ್ಸ್ಚರೈಸಿಂಗ್ ಘಟಕಗಳು. ಅವರ ಹಿಂದೆ ವಿದ್ಯುತ್ ಮಗ್ಗಗಳು, ಬಣ್ಣ ಹಾಕುವವರು, ಹೊಲಿಯುವವರು. ಮೇಲೆ ಮೂರು ಹೆಸರು, ಕೆಳಗೆ ಲಕ್ಷಗಟ್ಟಲೆ ಜನ.

ಇದರಲ್ಲಿ ಒಂದು ಗಂಟಿದೆ, ಈಗಲೇ ಹೇಳಿಬಿಡುತ್ತೇನೆ. ರಿಲಯನ್ಸ್ ಪಿಟಿಎಯನ್ನು ಮಾರುತ್ತದೆ, ಜೊತೆಗೆ ತಾನೇ ಪಾಲಿಯೆಸ್ಟರ್ ನೂಲನ್ನೂ ಮಾಡುತ್ತದೆ. ಅಂದರೆ ಅದರ ಗಿರಾಕಿಯೇ ಅದರ ಎದುರಾಳಿ. ಹಿಟ್ಟು ಮಾರುವವನೇ ಎದುರುಗಡೆ ಹೋಟೆಲ್ ಇಟ್ಟಂತೆ. ಹಲ್ದಿಯಾದ ಕಂಪನಿ ಹಾಗಲ್ಲ. ಅದು ಪಿಟಿಎ ಮಾತ್ರ ಮಾಡುತ್ತಿತ್ತು, ಎಲ್ಲವನ್ನೂ ಹೊರಗೆ ಮಾರುತ್ತಿತ್ತು. ಅರ್ಜಿ ಹಾಕಿದಾಗ ಇಬ್ಬರೂ ಒಂದೇ ಕಾಗದಕ್ಕೆ ಸಹಿ ಮಾಡಿದ್ದರೂ ಇಬ್ಬರ ಸ್ಥಿತಿ ಒಂದೇ ಆಗಿರಲಿಲ್ಲ.

ಸರಕು ಇಲ್ಲಿಗೆ ಹರಿದದ್ದು ಹೇಗೆ

2000ದ ದಶಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಪಿಟಿಎ ಆಮದು ಮಾಡಿಕೊಳ್ಳುತ್ತಿದ್ದದ್ದು ಚೀನಾ. ಕೊರಿಯಾ, ತೈವಾನ್, ಥಾಯ್ಲೆಂಡ್‌ಗಳು ತಮ್ಮ ಘಟಕಗಳನ್ನು ಕಟ್ಟಿದ್ದೇ ಚೀನಾದ ಗಿರಾಕಿಯನ್ನು ನಂಬಿ. ಆಮೇಲೆ ಚೀನಾ ಎರಡು ಕೆಲಸ ಮಾಡಿತು. ಮೊದಲನೆಯದು, 2010ರಲ್ಲಿ ಕೊರಿಯಾ ಮತ್ತು ಥಾಯ್ಲೆಂಡ್‌ನ ಪಿಟಿಎ ಮೇಲೆ ತಾನೇ ಆ್ಯಂಟಿ ಡಂಪಿಂಗ್ ಸುಂಕ ಹಾಕಿತು. ಎರಡನೆಯದು, ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಭಾರೀ ಗಾತ್ರದ ಘಟಕಗಳನ್ನು ಒಂದರ ಮೇಲೊಂದು ಎಬ್ಬಿಸಿತು. ಕೊಳ್ಳುವ ದೇಶ ಕೊಳ್ಳುವುದನ್ನು ಬಿಟ್ಟಿತು. ಆಮೇಲೆ ಮಾರಲು ಹೊರಟಿತು.

ಪಿಟಿಎ ಘಟಕ ಸ್ವಿಚ್ ಒತ್ತಿ ನಿಲ್ಲಿಸುವಂಥದ್ದಲ್ಲ. ಖರ್ಚಿನ ಬಹುಪಾಲು ಪ್ಯಾರಾಕ್ಸೈಲೀನ್‌ಗೆ ಹೋಗುತ್ತದೆ. ಉಳಿದದ್ದರಲ್ಲಿ ಸಾಲದ ಬಡ್ಡಿ, ಸವಕಳಿ, ಸಂಬಳ ಇವು ಘಟಕ ಓಡಲಿ ಬಿಡಲಿ ತಪ್ಪುವುದಿಲ್ಲ. ಹಾಗಾಗಿ ಪ್ಯಾರಾಕ್ಸೈಲೀನ್ ಖರ್ಚು ಹುಟ್ಟಿ ಮೇಲೆ ನಾಲ್ಕು ಡಾಲರ್ ಸಿಕ್ಕರೂ ಓಡಿಸುವುದೇ ಲಾಭ. ಸ್ವಂತ ದೇಶದಲ್ಲಿ ಬೆಲೆ ಇಳಿಸಿದರೆ ಎಲ್ಲ ಗಿರಾಕಿಗಳಿಗೂ ಇಳಿಸಬೇಕಾಗುತ್ತದೆ. ಅದಕ್ಕೆ ಹೆಚ್ಚಾದ ಸರಕನ್ನು ದೂರದ ಮಾರುಕಟ್ಟೆಗೆ ಅಗ್ಗಕ್ಕೆ ತಳ್ಳುತ್ತಾರೆ. ಪಾಲಿಯೆಸ್ಟರ್ ಬೆಳೆಯುತ್ತಿದ್ದ, ಪಿಟಿಎ ಸಾಲದೇ ಇದ್ದ ದೊಡ್ಡ ಮಾರುಕಟ್ಟೆ ಆಗ ಯಾವುದು? ಭಾರತ.

ಗಮನಿಸಿ, ಇಲ್ಲಿ ಯಾರೂ ಕಳ್ಳರಲ್ಲ. ಚೀನಾದ ಸುಂಕ ಕೊರಿಯಾದ ಹಡಗಿನ ದಿಕ್ಕು ತಿರುಗಿಸಿತು, ಅಷ್ಟೇ. ಒಂದು ದೇಶ ಬಾಗಿಲು ಹಾಕಿಕೊಂಡರೆ ನೀರು ಪಕ್ಕದ ಮನೆಗೆ ನುಗ್ಗುತ್ತದೆ.

ಅರ್ಜಿ

2013ರಲ್ಲಿ ರಿಲಯನ್ಸ್ ಮತ್ತು ಹಲ್ದಿಯಾದ ಕಂಪನಿ ಸೇರಿ ವಾಣಿಜ್ಯ ಸಚಿವಾಲಯದ ಆ್ಯಂಟಿ ಡಂಪಿಂಗ್ ಮಹಾನಿರ್ದೇಶನಾಲಯಕ್ಕೆ ಹೋದವು. ಈಗ ಅದರ ಹೆಸರು ಡಿಜಿಟಿಆರ್, 2018ರಲ್ಲಿ ಬದಲಾಯಿತು. ದೆಹಲಿಯ ಸಂಸದ್ ಮಾರ್ಗದ ಜೀವನ್ ತಾರಾ ಕಟ್ಟಡದಲ್ಲಿ ಕಚೇರಿ.

ಯಾರು ಬೇಕಾದರೂ ಅರ್ಜಿ ಹಾಕಲಾಗುವುದಿಲ್ಲ. ಅರ್ಜಿಯನ್ನು ಬೆಂಬಲಿಸುವ ಕಂಪನಿಗಳು ದೇಶದ ಒಟ್ಟು ಉತ್ಪಾದನೆಯಲ್ಲಿ ಕನಿಷ್ಠ 25% ಮಾಡುತ್ತಿರಬೇಕು. ಬೇಕು ಬೇಡ ಎಂದು ಅಭಿಪ್ರಾಯ ಹೇಳಿದ ಉತ್ಪಾದಕರಲ್ಲಿ ಬೇಕು ಎನ್ನುವವರ ಉತ್ಪಾದನೆ ಅರ್ಧಕ್ಕಿಂತ ಹೆಚ್ಚಿರಬೇಕು. ಬೆರಳೆಣಿಕೆಯ ಉತ್ಪಾದಕರಿರುವ ಉದ್ಯಮಕ್ಕೆ ಇದು ಸುಲಭ. ಅದೇ ಸೂರತ್‌ನ ಸಾವಿರಾರು ಮಗ್ಗದವರು ಅಗ್ಗದ ಬಟ್ಟೆಯ ಆಮದಿನ ವಿರುದ್ಧ ಅರ್ಜಿ ಹಾಕಬೇಕೆಂದರೆ? ಎಲ್ಲರ ಲೆಕ್ಕಪತ್ರ ಒಟ್ಟುಗೂಡಿಸುವುದರಲ್ಲೇ ಅರ್ಧ ಆಯುಷ್ಯ ಹೋಗುತ್ತದೆ. ಈ ಕಾನೂನು ದೊಡ್ಡ ಕಂಪನಿಗಳಿಗಾಗಿಯೇ ಬರೆದದ್ದು ಎಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಬಳಸಲು ಬೇಕಾದ ಕಾಗದ ಇರುವುದು ಅವರ ಹತ್ತಿರವೇ. ಭಾರತದ ಆ್ಯಂಟಿ ಡಂಪಿಂಗ್ ತನಿಖೆಗಳಲ್ಲಿ ರಾಸಾಯನಿಕಗಳೇ ಮೊದಲಿಂದಲೂ ಮುಂದಿರುವುದಕ್ಕೆ ಇದೂ ಒಂದು ಕಾರಣ ಇರಬೇಕು.

ಅರ್ಜಿಯಲ್ಲಿ ಸರಕಿನ ವಿವರಣೆ ಬಹಳ ಎಚ್ಚರಿಕೆಯದು. ಪಿಟಿಎ ಎಂದಷ್ಟೇ ಬರೆದರೆ ಸ್ವಲ್ಪ ಕಡಿಮೆ ಶುದ್ಧಿಯ ಸರಕನ್ನು ಬೇರೆ ಹೆಸರಲ್ಲಿ ತಂದುಬಿಡಬಹುದು. ಹಾಗಾಗಿ ಮಧ್ಯಮ ಗುಣಮಟ್ಟದ ಎಂಟಿಎ, ಅದರ ಸಮೀಪದ ಕ್ಯೂಟಿಎ ಇವೂ ಸೇರಿದವು. ಕಸ್ಟಮ್ಸ್ ಸಂಖ್ಯೆ 29173600. ಇಂಥ ಪ್ರಕರಣಗಳಲ್ಲಿ ಅರ್ಧ ಗೆಲುವು ಈ ಒಂದು ಸಾಲಿನಲ್ಲೇ ಇರುತ್ತದೆ.

ಲೆಕ್ಕ ನಡೆದ ಬಗೆ

ಡಂಪಿಂಗ್ ಅಂದರೆ ಅಗ್ಗಕ್ಕೆ ಮಾರುವುದು ಎಂದು ನಾವು ಅಂದುಕೊಳ್ಳುತ್ತೇವೆ. ಅಲ್ಲ. ಅಗ್ಗವಾಗಿ ಮಾರುವುದು ತಪ್ಪಲ್ಲ, ಅದು ವ್ಯಾಪಾರ. ತನ್ನ ದೇಶದಲ್ಲಿ ಮಾರುವುದಕ್ಕಿಂತ ಕಡಿಮೆಗೆ ಹೊರಗೆ ಮಾರಿದರೆ ಅದು ಡಂಪಿಂಗ್. ಅದೂ ಸಾಲದು. ಅದರಿಂದ ಇಲ್ಲಿನ ಉದ್ಯಮಕ್ಕೆ ಪೆಟ್ಟು ಬಿದ್ದಿರಬೇಕು, ಪೆಟ್ಟಿಗೆ ಆ ಆಮದೇ ಕಾರಣವಾಗಿರಬೇಕು. ಡಂಪಿಂಗ್, ಹಾನಿ, ಎರಡರ ನಡುವಿನ ಕೊಂಡಿ. ಮೂರೂ ಸಾಬೀತಾಗಬೇಕು. 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ 9ಎ ಕಲಂ ಮತ್ತು 1995ರ ನಿಯಮಗಳು ಹೇಳುವುದು ಇದನ್ನೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸಂಖ್ಯೆಗಳು ನನ್ನವು, ತನಿಖೆಯವಲ್ಲ. ಲೆಕ್ಕದ ದಾರಿ ಮಾತ್ರ ಅದೇ.

ಒಂದು ವಿದೇಶಿ ಕಂಪನಿ ತನ್ನ ದೇಶದಲ್ಲಿ ಕಾರ್ಖಾನೆ ಬಾಗಿಲಲ್ಲಿ ಟನ್ನಿಗೆ 800 ಡಾಲರ್‌ಗೆ ಮಾರುತ್ತದೆ. ಭಾರತದ ಬಂದರಿಗೆ ತಲುಪಿಸಿದ ಬೆಲೆ 760. ಇದರಲ್ಲಿ ಹಡಗಿನ ಬಾಡಿಗೆ, ವಿಮೆ, ಬಂದರಿನ ಖರ್ಚು 40 ಕಳೆಯಿರಿ. ಕಾರ್ಖಾನೆ ಬಾಗಿಲಲ್ಲಿ ಅವರಿಗೆ ಸಿಕ್ಕಿದ್ದು 720. ವ್ಯತ್ಯಾಸ 80 ಡಾಲರ್, ಅಂದರೆ 11% ಚಿಲ್ಲರೆ. ಇದು ಡಂಪಿಂಗ್ ಅಂತರ. ಇದು 2%ಗಿಂತ ಕಡಿಮೆ ಇದ್ದರೆ ಆ ಕಂಪನಿಯನ್ನು ಬಿಟ್ಟುಬಿಡುತ್ತಾರೆ.

ಈಗ ಇನ್ನೊಂದು ಬದಿ. 760ಕ್ಕೆ 5% ಮೂಲ ಕಸ್ಟಮ್ಸ್ ಸುಂಕ ಸೇರಿಸಿದರೆ ಸರಕು ಇಲ್ಲಿ ಇಳಿದ ಬೆಲೆ 798. ಇಲ್ಲಿನ ಕಂಪನಿ ಹಾನಿಯಿಲ್ಲದೆ ಬದುಕಲು ಎಷ್ಟಕ್ಕೆ ಮಾರಬೇಕಿತ್ತು ಎಂದು ಅಧಿಕಾರಿಗಳು ಲೆಕ್ಕ ಹಾಕುತ್ತಾರೆ. ಅದು 850 ಎಂದಿಟ್ಟುಕೊಳ್ಳಿ. ಕೊರತೆ 52. ಇದು ಹಾನಿಯ ಅಂತರ. 80 ಮತ್ತು 52ರಲ್ಲಿ ಯಾವುದು ಕಡಿಮೆಯೋ ಅದೇ ಸುಂಕ. ಹಾನಿ ತುಂಬಲು ಸಾಕಾಗುವಷ್ಟೇ, ಶಿಕ್ಷೆಯಾಗಿ ಅಲ್ಲ. ಅಮೆರಿಕದಲ್ಲಿ ಹೀಗಿಲ್ಲ, ಅಲ್ಲಿ ಪೂರ್ತಿ ಡಂಪಿಂಗ್ ಅಂತರವನ್ನೇ ವಸೂಲಿ ಮಾಡುತ್ತಾರೆ. ಈ ವಿಷಯದಲ್ಲಿ ನಮ್ಮ ಪದ್ಧತಿ ಮೃದು.

ಆದರೆ ಆ 850 ಬಂದದ್ದು ಎಲ್ಲಿಂದ? ನನ್ನ ಮಟ್ಟಿಗೆ ಇಡೀ ತನಿಖೆಯ ಹೃದಯ ಇಲ್ಲಿದೆ. ಅಧಿಕಾರಿಗಳು ಇಲ್ಲಿನ ಕಂಪನಿಯ ಖರ್ಚನ್ನು ತೆಗೆದುಕೊಳ್ಳುತ್ತಾರೆ. ಅದನ್ನು ಹಾಗೆಯೇ ಒಪ್ಪುವುದಿಲ್ಲ. ಹಿಂದಿನ ಕೆಲವು ವರ್ಷಗಳಲ್ಲಿ ಕಚ್ಚಾ ವಸ್ತು, ವಿದ್ಯುತ್, ಘಟಕದ ಸಾಮರ್ಥ್ಯ ಇವನ್ನು ಅತ್ಯುತ್ತಮವಾಗಿ ಬಳಸಿದ್ದು ಯಾವಾಗ ಎಂದು ನೋಡಿ, ಆ ಮಟ್ಟದಲ್ಲಿ ಖರ್ಚು ಕಟ್ಟುತ್ತಾರೆ. ಸೋಮಾರಿತನದ ಖರ್ಚನ್ನು ಸುಂಕದಲ್ಲಿ ತುಂಬಿಕೊಡಬಾರದಲ್ಲ. ಅದರ ಮೇಲೆ, ಹಾಕಿದ ಬಂಡವಾಳಕ್ಕೆ ನ್ಯಾಯವಾದ ಪ್ರತಿಫಲ ಸೇರಿಸುತ್ತಾರೆ. ಎಷ್ಟು? ಬಹಳ ಕಾಲದ ರೂಢಿ 22%.

ಇಪ್ಪತ್ತೆರಡು ಪರ್ಸೆಂಟ್! ತೆರಿಗೆಗೆ ಮುಂಚಿನ ಲೆಕ್ಕ, ಸಾಲದ ಬಡ್ಡಿಯೂ ಅದರೊಳಗೇ ಬರಬೇಕು ನಿಜ. ಆದರೂ ಜಗತ್ತಿಡೀ ಅಗತ್ಯಕ್ಕಿಂತ ಹೆಚ್ಚು ಘಟಕ ಕಟ್ಟಿಕೊಂಡು ಲಾಭವೇ ಇಲ್ಲದೆ ಒದ್ದಾಡುತ್ತಿದ್ದ ಉದ್ಯಮದಲ್ಲಿ ಇದು ಧಾರಾಳ. ಈ ಒಂದು ಸಂಖ್ಯೆಯನ್ನು ನಾಲ್ಕು ಅಂಕ ಇಳಿಸಿ ನೋಡಿ, ಹಾನಿಯ ಅಂತರ ಕುಗ್ಗುತ್ತದೆ. ಕೆಲವೊಮ್ಮೆ ಇಲ್ಲವೇ ಆಗಿಬಿಡುತ್ತದೆ. ಆಮದುದಾರರ ವಕೀಲರು ಪ್ರತಿ ಪ್ರಕರಣದಲ್ಲೂ ಇದರ ಮೇಲೆ ಜಗಳ ಆಡುತ್ತಾರೆ. ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಉತ್ತರ ಬರುತ್ತದೆ: ಇದು ನಮ್ಮ ಸ್ಥಿರ ಪದ್ಧತಿ.

ತನಿಖೆಯ ವರದಿ ಓದುವುದೂ ಒಂದು ಅನುಭವ. ಕಂಪನಿಗಳ ಖರ್ಚು, ಲಾಭ, ಮಾರಾಟದ ಅಂಕಿಗಳು ಗೋಪ್ಯ. ಹಾಗಾಗಿ ಪುಟ ತುಂಬ ನಕ್ಷತ್ರ ಚಿಹ್ನೆಗಳು. ಅವುಗಳ ಪಕ್ಕದಲ್ಲಿ ಮೊದಲ ವರ್ಷವನ್ನು 100 ಎಂದಿಟ್ಟುಕೊಂಡ ಸೂಚ್ಯಂಕ. ಲಾಭ 100ರಿಂದ ಇಳಿದು ಮೈನಸ್‌ಗೆ ಹೋಯಿತು ಎಂದು ತಿಳಿಯುತ್ತದೆ. ಎಷ್ಟು ಕೋಟಿಯಿಂದ ಎಷ್ಟು ಕೋಟಿಗೆ ಎಂದು ತಿಳಿಯುವುದಿಲ್ಲ. ಎದುರು ವಾದಿಸುವವರು ವಾದಿಸಬೇಕಾದ್ದು ಈ ನಕ್ಷತ್ರಗಳ ಜೊತೆ.

ರಫ್ತುದಾರ ಕಂಪನಿಗಳಿಗೆ ಪ್ರಶ್ನಾವಳಿ ಹೋಗುತ್ತದೆ. ಉತ್ತರ ಕೊಟ್ಟು, ಲೆಕ್ಕಪತ್ರ ತೋರಿಸಿದವರಿಗೆ ಅವರದೇ ದರ. ಸುಮ್ಮನಿದ್ದವರಿಗೆ ಆ ದೇಶದ ಉಳಿದವರೆಲ್ಲ ಎಂಬ ಕಟ್ಟಿನಲ್ಲಿ ಅತಿ ಹೆಚ್ಚಿನ ದರ. ಹೀಗಾಗಿ ಒಂದೇ ದೇಶದ ಎರಡು ಕಂಪನಿಗಳ ಸುಂಕ ಬೇರೆ ಬೇರೆ. ಕೆಲವರಿಗೆ ಟನ್ನಿಗೆ ಇಪ್ಪತ್ತು ಮೂವತ್ತು ಡಾಲರ್, ಕೆಲವರಿಗೆ ನೂರು ದಾಟಿದ್ದು.

2014ರಲ್ಲಿ ತಾತ್ಕಾಲಿಕ ಸುಂಕ ಬಂತು, 2015ರಲ್ಲಿ ಅಂತಿಮ ಸುಂಕ. ಮೊದಲ ಸುತ್ತಿನಲ್ಲಿ ಸಿಕ್ಕಿಬಿದ್ದವರಲ್ಲಿ ಕೊರಿಯಾ, ಥಾಯ್ಲೆಂಡ್ ಮುಖ್ಯ. ಅವರಿಗೆ ಬೇಲಿ ಬಿದ್ದ ಕೂಡಲೇ ಬೇರೆ ಕಡೆಯಿಂದ ಸರಕು ಬರತೊಡಗಿತು. ಮತ್ತೆ ಅರ್ಜಿ, ಮತ್ತೆ ತನಿಖೆ. 2016ರಲ್ಲಿ ಚೀನಾ, ತೈವಾನ್, ಮಲೇಷ್ಯಾ, ಇಂಡೋನೇಷ್ಯಾ, ಇರಾನ್ ಮೇಲೂ ಸುಂಕ. 2019ರ ಜುಲೈನಲ್ಲಿ ಕೊರಿಯಾ ಮತ್ತು ಥಾಯ್ಲೆಂಡ್‌ನ ಸುಂಕವನ್ನು ಮರುಪರಿಶೀಲಿಸಿ ಮುಂದುವರಿಸಿದರು. ಬಜೆಟ್ ಬಂದಾಗ ಏಳು ದೇಶಗಳಿಗೆ ಬೇಲಿ ಇತ್ತು.

ಹಾನಿ ಸುಳ್ಳಾಗಿತ್ತಾ?

ಇಲ್ಲ. ಇದನ್ನು ಒತ್ತಿ ಹೇಳಬೇಕು. ಈ ಕಥೆಯನ್ನು ದೊಡ್ಡ ಕಂಪನಿಯ ಲಾಬಿ ಮತ್ತು ಬಡ ನೇಕಾರ ಎಂದು ಎರಡೇ ಸಾಲಲ್ಲಿ ಮುಗಿಸುವವರು ಬಹಳ ಜನ.

ಹಲ್ದಿಯಾ ಘಟಕವನ್ನು ನೋಡಿ. ಅದರ ಹತ್ತಿರ ನೂಲಿನ ವ್ಯಾಪಾರ ಇರಲಿಲ್ಲ, ಪ್ಯಾರಾಕ್ಸೈಲೀನ್ ಕೂಡ ಸ್ವಂತದ್ದಲ್ಲ. ಕೊಂಡು ಮಾಡಬೇಕು, ಮಾಡಿ ಮಾರಬೇಕು. ಎರಡೂ ಕಡೆಯ ಬೆಲೆ ಬೇರೆಯವರ ಕೈಯಲ್ಲಿ. 2014ರಿಂದ ಸುಂಕದ ರಕ್ಷಣೆ ಇತ್ತು. ಆದರೂ 2016ರಲ್ಲಿ ಮಿತ್ಸುಬಿಶಿ ಕೆಮಿಕಲ್ ಕೈ ಚೆಲ್ಲಿ, ಭಾರತದ ಪಿಟಿಎ ವ್ಯಾಪಾರವನ್ನು ಚಟರ್ಜಿ ಗ್ರೂಪ್‌ಗೆ ಮಾರಿ ಹೊರಟಿತು. ಅದೇ ಹೊತ್ತಿಗೆ ಚೀನಾದಲ್ಲಿದ್ದ ತನ್ನ ಪಿಟಿಎ ಘಟಕವನ್ನೂ ಬಿಟ್ಟಿತು. ಎರಡನ್ನೂ ಒಟ್ಟಿಗೆ ಬಿಟ್ಟದ್ದರಲ್ಲಿ ಒಂದು ಸುಳಿವಿದೆ. ಪೆಟ್ಟು ನಿಜ. ಆದರೆ ಭಾರತದ ಬಂದರಿಗೆ ಬಂದ ಹಡಗುಗಳಿಂದ ಮಾತ್ರ ಬಿದ್ದದ್ದಲ್ಲ. ಜಗತ್ತಿಗೇ ಜಾಸ್ತಿಯಾದ ಸಾಮರ್ಥ್ಯದ ಪೆಟ್ಟನ್ನು ಒಂದು ದೇಶದ ಸುಂಕ ತಡೆಯಲಾರದು.

ಇದೇ ಸಮಯದಲ್ಲಿ ರಿಲಯನ್ಸ್ ಗುಜರಾತಿನ ದಹೇಜ್‌ನಲ್ಲಿ ಸುಮಾರು 23 ಲಕ್ಷ ಟನ್ನಿನ ಹೊಸ ಪಿಟಿಎ ಸಾಮರ್ಥ್ಯ ಕಟ್ಟಿತು. ಸುಂಕದ ಪರ ಇರುವವರು ಇದನ್ನೇ ತೋರಿಸುತ್ತಾರೆ: ರಕ್ಷಣೆ ಕೊಟ್ಟದ್ದಕ್ಕೆ ಹೂಡಿಕೆ ಬಂತು. ವಿರೋಧಿಸುವವರೂ ಇದನ್ನೇ ತೋರಿಸುತ್ತಾರೆ: ಸಾಯುತ್ತಿರುವ ಉದ್ಯಮ ಇಷ್ಟು ದೊಡ್ಡ ಘಟಕ ಕಟ್ಟುತ್ತದಾ? ಇಂಥ ಘಟಕದ ನಿರ್ಧಾರ ಸುಂಕಕ್ಕಿಂತ ವರ್ಷಗಳ ಮುಂಚೆಯೇ ಆಗಿರುತ್ತದೆ. ಹಾಗಾಗಿ ನನಗೆ ಎರಡೂ ವಾದ ಪೂರ್ತಿ ಹಿಡಿಸುವುದಿಲ್ಲ.

ಮೂರು ರೂಪಾಯಿ

ಈಗ ಕೆಳಗಿನವರ ಲೆಕ್ಕ. ಟನ್ನಿಗೆ 50 ಡಾಲರ್ ಸುಂಕ ಎಂದಿಟ್ಟುಕೊಳ್ಳೋಣ. ಒಂದು ಟನ್ ಪಾಲಿಯೆಸ್ಟರ್‌ಗೆ 0.86 ಟನ್ ಪಿಟಿಎ, ಅಂದರೆ 43 ಡಾಲರ್. ಡಾಲರ್‌ಗೆ 70 ರೂಪಾಯಿ ಹಿಡಿದರೆ ಟನ್ನಿಗೆ ಸುಮಾರು 3,000 ರೂಪಾಯಿ. ಕಿಲೋಗೆ 3 ರೂಪಾಯಿ.

ನಾಲ್ಕುನೂರು ಗ್ರಾಂ ತೂಗುವ ಸೀರೆಯಲ್ಲಿ ಇದು ಒಂದೂಕಾಲು ರೂಪಾಯಿ. ಉಡುವವರಿಗೆ ಗೊತ್ತೇ ಆಗುವುದಿಲ್ಲ. ಆದರೆ ದಿನಕ್ಕೆ 300 ಟನ್ ನೂಲು ತೆಗೆಯುವ ಗಿರಣಿಗೆ ದಿನಕ್ಕೆ 9 ಲಕ್ಷ. ವರ್ಷಕ್ಕೆ 30 ಕೋಟಿ ದಾಟುತ್ತದೆ. ನೂಲಿನ ವ್ಯಾಪಾರದಲ್ಲಿ ಕಿಲೋಗೆ ಮೂರು ರೂಪಾಯಿ ಅಂದರೆ ಅನೇಕ ಸಲ ಲಾಭ ನಷ್ಟದ ನಡುವಿನ ಗೆರೆ ಅದೇ.

ಇಲ್ಲಿ ಎಡವುವವರು ಬಹಳ. ಸುಂಕ ಬೀಳುವುದು ಆಮದಿಗೆ ಮಾತ್ರ, ಇಲ್ಲಿನ ಪಿಟಿಎ ಕೊಂಡರೆ ಸುಂಕವಿಲ್ಲವಲ್ಲ ಎಂದು ಕೇಳುತ್ತಾರೆ. ಸುಂಕವಿಲ್ಲ, ಸರಿ. ಬೆಲೆ? ಇಲ್ಲಿ ಮಾರುವವನು ಬೆಲೆ ಕಟ್ಟುವುದು ಆಮದಿನ ಸರಕು ಇಳಿಯುವ ಬೆಲೆ ನೋಡಿ. ಆಮದು 50 ಡಾಲರ್ ಏರಿದರೆ ಇಲ್ಲಿಯ ಬೆಲೆಯೂ ಅದರ ಹಿಂದೆ ಏರುತ್ತದೆ. ಹಾನಿ ತುಂಬುವುದು ಎಂದರೇನೇ ಅದು. ಸುಂಕದ ಉದ್ದೇಶ ಸರ್ಕಾರದ ಖಜಾನೆ ತುಂಬಿಸುವುದಲ್ಲ, ಇಲ್ಲಿಯ ಬೆಲೆ ಏರಿಸುವುದು. ಹಾಗಾಗಿ ಒಂದು ಟನ್ ಕೂಡ ಆಮದು ಮಾಡದ ಗಿರಣಿಯೂ ಸುಂಕ ಕೊಡುತ್ತದೆ, ಸರ್ಕಾರಕ್ಕಲ್ಲ.

ಇದರ ಮೇಲೆ ಇನ್ನೊಂದು ತಲೆನೋವು. 2017ರಲ್ಲಿ ಜಿಎಸ್‌ಟಿ ಬಂದಾಗ ಕೃತಕ ನೂಲಿಗೆ 18% ಇತ್ತು, ಕೆಲವೇ ತಿಂಗಳಲ್ಲಿ 12%ಗೆ ಇಳಿಸಿದರು. ಪಿಟಿಎ 18%ನಲ್ಲೇ ಉಳಿಯಿತು. ಬಟ್ಟೆಗೆ 5%. ಮೇಲಿನ ಮೆಟ್ಟಿಲಲ್ಲಿ ತೆರಿಗೆ ಜಾಸ್ತಿ, ಕೆಳಗಿನದರಲ್ಲಿ ಕಡಿಮೆ. ಮಧ್ಯದವನ ದುಡ್ಡು ರೀಫಂಡ್‌ಗೆ ಕಾಯುತ್ತಾ ಕುಳಿತಿರುತ್ತದೆ. ಅದೇ ಹೊತ್ತಿನಲ್ಲಿ ಚೀನಾ, ವಿಯೆಟ್ನಾಂನ ಬಟ್ಟೆ ಸಿದ್ಧ ರೂಪದಲ್ಲೇ ಬರುತ್ತಿತ್ತು. ಅಗ್ಗದ ಪಿಟಿಎಯನ್ನು ಬಂದರಲ್ಲಿ ತಡೆದರೆ ಅದೇ ಪಿಟಿಎ ನೂಲಾಗಿ, ಬಟ್ಟೆಯಾಗಿ ಒಳಗೆ ಬರುತ್ತದೆ. ಬಟ್ಟೆಗೆ ಮೂಗುದಾರ ಹಾಕಲು ಅರ್ಜಿ ಕೊಡುವವರು ಯಾರು? ಮತ್ತೆ ಅದೇ 25%ನ ಕಥೆ.

ಪಿಟಿಎ ಬಳಸುವವರು ಸುಮ್ಮನಿರಲಿಲ್ಲ. ಅವರದ್ದೊಂದು ಸಂಘವಿತ್ತು, ತನಿಖೆಯಲ್ಲಿ ವಾದ ಮಾಡಿತು. ನಿಯಮಗಳ ಪ್ರಕಾರ ಬಳಕೆದಾರ ಉದ್ಯಮಕ್ಕೆ ಮಾತಾಡಲು ಅವಕಾಶ ಕೊಡಲೇಬೇಕು. ಕೊಟ್ಟರು. ಆದರೆ ಮಾತಾಡುವುದು ಬೇರೆ, ಲೆಕ್ಕಕ್ಕೆ ಸೇರುವುದು ಬೇರೆ. ಡಂಪಿಂಗ್ ಅಂತರದ ಸೂತ್ರದಲ್ಲಿ ನೂಲಿನ ಗಿರಣಿ ಎಲ್ಲಿದೆ? ಹಾನಿಯ ಅಂತರದಲ್ಲಿ ಮಗ್ಗ ಎಲ್ಲಿದೆ? ಎಲ್ಲೂ ಇಲ್ಲ. ಯುರೋಪಿಯನ್ ಒಕ್ಕೂಟದ ಕಾನೂನಿನಲ್ಲಿ ಸುಂಕ ಹಾಕುವ ಮುಂಚೆ ಒಟ್ಟು ಒಕ್ಕೂಟದ ಹಿತ ನೋಡಬೇಕು, ಬಳಕೆದಾರರದ್ದೂ ಸೇರಿಸಿ. ನಮ್ಮ ನಿಯಮಗಳಲ್ಲಿ ಅಂಥ ಪ್ರತ್ಯೇಕ ಪರೀಕ್ಷೆ ಇಲ್ಲ. ಇರುವುದು ಒಂದೇ ಸಣ್ಣ ಕಿಟಕಿ: ಡಿಜಿಟಿಆರ್ ಶಿಫಾರಸು ಮಾಡುತ್ತದೆ, ಹಣಕಾಸು ಸಚಿವಾಲಯ ಸುಂಕ ಹಾಕಬಹುದು. ಹಾಕಲೇಬೇಕು ಎಂದಿಲ್ಲ. ಅನೇಕ ವರ್ಷ ಆ ಕಿಟಕಿಯನ್ನು ತೆರೆದದ್ದು ಬಹಳ ಅಪರೂಪ. ಶಿಫಾರಸು ಬಂದರೆ ಸುಂಕ ಬಂದಂತೆಯೇ ಎಂದು ಎಲ್ಲರೂ ಅಂದುಕೊಂಡಿದ್ದರು.

ಆ ಪ್ಯಾರಾ

ಬಜೆಟ್‌ನ ಮಾತು ಸರಳವಾಗಿತ್ತು. ಪಿಟಿಎ ಬಟ್ಟೆಯ ನೂಲಿಗೆ ಮುಖ್ಯ ಕಚ್ಚಾ ವಸ್ತು. ಅದು ಸ್ಪರ್ಧೆಯ ಬೆಲೆಗೆ ಸುಲಭವಾಗಿ ಸಿಕ್ಕರೆ ಜವಳಿ ಉದ್ಯಮ ಬೆಳೆಯುತ್ತದೆ. ಜವಳಿಯಲ್ಲಿ ಕೆಲಸಗಳು ಬಹಳ. ಆದ್ದರಿಂದ ಸುಂಕ ರದ್ದು. ಮರುದಿನವೇ ಅಧಿಸೂಚನೆ ಜಾರಿಯಾಯಿತು.

ನಿರ್ಧಾರ ಸರಿ ಎಂದೇ ನನ್ನ ಅಭಿಪ್ರಾಯ. ಮೂರ್ನಾಲ್ಕು ಕಂಪನಿಗಳ ಬೆಲೆ ಕಾಪಾಡಲು ಅದರ ಕೆಳಗಿನ ಪೂರ್ತಿ ಸರಪಳಿಗೆ ಭಾರ ಹಾಕುವುದು, ಅದೂ ಅವರಲ್ಲೊಬ್ಬರು ಗಿರಾಕಿಗೇ ಎದುರಾಳಿಯಾಗಿರುವಾಗ, ಬಹಳ ದಿನ ಸಮರ್ಥಿಸುವಂಥದ್ದಲ್ಲ.

ನನ್ನ ತಕರಾರು ಬೇರೆ. ಸುಂಕ ಹಾಕುವಾಗ ಪ್ರತಿ ಕಂಪನಿಗೆ ಬೇರೆ ಬೇರೆ, ಸೆಂಟ್‌ನವರೆಗೆ ಲೆಕ್ಕ. ಖರ್ಚು ಎಷ್ಟು, ಬಾಡಿಗೆ ಎಷ್ಟು, ಪ್ರತಿಫಲ ಎಷ್ಟು, ನೂರಾರು ಪುಟ. ತೆಗೆಯುವಾಗ? ಒಂದು ಪ್ಯಾರಾ. ಮಗ್ಗದವರಿಗೆ ಎಷ್ಟು ಉಳಿಯುತ್ತದೆ, ಹಲ್ದಿಯಾಗೆ ಎಷ್ಟು ಹೋಗುತ್ತದೆ, ನೂಲಿನ ಬೆಲೆ ನಿಜಕ್ಕೂ ಇಳಿಯುತ್ತದಾ ಅಥವಾ ಮಧ್ಯದವರ ಜೇಬಿಗೆ ಸೇರುತ್ತದಾ ಎಂಬ ಒಂದು ಅಂಕಿಯೂ ಆ ಪ್ಯಾರಾದಲ್ಲಿಲ್ಲ. ಕೆಳಗಿನವರ ಪರ ಬಂದ ತೀರ್ಮಾನದಲ್ಲೂ ಕೆಳಗಿನವರ ಲೆಕ್ಕ ಬರಲಿಲ್ಲ. ತನಿಖೆಯ ಸೂತ್ರದಲ್ಲಿ ಅವರಿಗೆ ಜಾಗ ಇರಲಿಲ್ಲ, ಬಜೆಟ್‌ನಲ್ಲಿ ಜಾಗ ಸಿಕ್ಕಿತು ಆದರೆ ಸೂತ್ರವೇ ಇರಲಿಲ್ಲ.

ಪರಿಣಾಮ ಏನಾಯಿತು ಎಂದು ಸ್ವಚ್ಛವಾಗಿ ಅಳೆಯಲೂ ಆಗಲಿಲ್ಲ. ಎರಡೇ ತಿಂಗಳಲ್ಲಿ ಕೋವಿಡ್ ಲಾಕ್‌ಡೌನ್. ಮಗ್ಗ ನಿಂತವು, ಕಾರ್ಮಿಕರು ಊರಿಗೆ ಹೋದರು. ಕಚ್ಚಾ ತೈಲ ಕುಸಿದು ಪಿಟಿಎ ಬೆಲೆ ತಾನಾಗಿ ಬಿತ್ತು. ಅದರಲ್ಲಿ ಸುಂಕದ ಪಾಲೆಷ್ಟು, ತೈಲದ ಪಾಲೆಷ್ಟು ಎಂದು ಯಾರು ಬೇರ್ಪಡಿಸುತ್ತಾರೆ?

ಅಲ್ಲಿಂದ ಮುಂದೆ

ಕಿಟಕಿ ಒಮ್ಮೆ ತೆರೆದ ಮೇಲೆ ಮುಚ್ಚಲಿಲ್ಲ. 2021ರ ಆಗಸ್ಟ್‌ನಲ್ಲಿ ವಿಸ್ಕೋಸ್ ಫೈಬರ್ ಮೇಲಿನ ಸುಂಕವೂ ಹೋಯಿತು. ಡಿಜಿಟಿಆರ್ ಮುಂದುವರಿಸಿ ಎಂದಿದ್ದರೂ ಹಣಕಾಸು ಸಚಿವಾಲಯ ಒಪ್ಪಲಿಲ್ಲ. ಅದನ್ನು ದೇಶದಲ್ಲಿ ಮಾಡುವುದು ಗ್ರಾಸಿಮ್. ನಮ್ಮ ಹರಿಹರದ ಪಕ್ಕದ ಕುಮಾರಪಟ್ಟಣದಲ್ಲಿ ಅದರ ಕಾರ್ಖಾನೆ ಇದೆ. ಆಮೇಲೆ ಇನ್ನೂ ಹಲವು ಶಿಫಾರಸುಗಳು ಹೀಗೇ ಬಿದ್ದವು. ಕಂಪನಿಗಳು ಮೇಲ್ಮನವಿ ನ್ಯಾಯಮಂಡಳಿಗೆ ಹೋಗಿ, ಕಾರಣವನ್ನೇ ಹೇಳದೆ ತಳ್ಳಿಹಾಕಬಹುದಾ ಎಂದು ಕೇಳಿದವು. ಕಾರಣ ಹೇಳಬೇಕು ಎಂದು ಮಂಡಳಿ ಹೇಳಿತು. ನನ್ನ ತಕರಾರೇ ಅದು, ಬೇರೆ ಬಾಗಿಲಿಂದ.

ಪಿಟಿಎಗೆ ಮಾತ್ರ ಬೇರೊಂದು ಬೇಲಿ ಬಂತು. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಇಲ್ಲದ ಪಿಟಿಎ, ಗ್ಲೈಕಾಲ್, ಪಾಲಿಯೆಸ್ಟರ್ ನೂಲು ಮಾರುವಂತಿಲ್ಲ ಎಂಬ ಗುಣಮಟ್ಟ ನಿಯಂತ್ರಣ ಆದೇಶಗಳು. ವಿದೇಶಿ ಕಾರ್ಖಾನೆಯೇ ನೇರವಾಗಿ ಪರವಾನಗಿ ತೆಗೆದುಕೊಳ್ಳಬೇಕು. ತೆಗೆದುಕೊಳ್ಳದವರ ಸರಕು ಬರುವಂತಿಲ್ಲ, ಬೆಲೆ ಎಷ್ಟೇ ಇರಲಿ. ಆ್ಯಂಟಿ ಡಂಪಿಂಗ್‌ನಲ್ಲಿ ಕನಿಷ್ಠ ಮೂರು ವಿಷಯ ಸಾಬೀತು ಮಾಡಬೇಕಿತ್ತು. ಇಲ್ಲಿ ಹಾನಿಯ ಲೆಕ್ಕವೇ ಬೇಡ. ಜವಳಿಯವರ ಕೂಗು ಮತ್ತೆ ಎದ್ದಿತು. 2025ರ ನವೆಂಬರ್‌ನಲ್ಲಿ ಈ ಆದೇಶಗಳೂ ವಾಪಸಾದವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೃತಕ ಫೈಬರ್ ಮತ್ತು ನೂಲಿನ ಜಿಎಸ್‌ಟಿ 5%ಗೆ ಇಳಿದಿತ್ತು.

ಇನ್ನೊಂದು ತುದಿ ಮಂಗಳೂರಿನಲ್ಲಿದೆ. ಅಲ್ಲಿನ ವಿಶೇಷ ಆರ್ಥಿಕ ವಲಯದಲ್ಲಿ ಜೆಬಿಎಫ್ ಪೆಟ್ರೋಕೆಮಿಕಲ್ಸ್ ವರ್ಷಕ್ಕೆ 12.5 ಲಕ್ಷ ಟನ್ನಿನ ಪಿಟಿಎ ಘಟಕ ಕಟ್ಟಿತ್ತು. ಪಕ್ಕದಲ್ಲೇ ಪ್ಯಾರಾಕ್ಸೈಲೀನ್ ಮಾಡುವ ಘಟಕವಿತ್ತು, ಈಗ ಅದು ಎಂಆರ್‌ಪಿಎಲ್‌ನ ಭಾಗ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಆದರೆ ಸಾಲದ ಹೊರೆಯಲ್ಲಿ ಕಂಪನಿ ಮುಳುಗಿತು, ಘಟಕ ವರ್ಷಗಟ್ಟಲೆ ಸುಮ್ಮನೆ ನಿಂತಿತು. 2023ರಲ್ಲಿ ದಿವಾಳಿ ಪ್ರಕ್ರಿಯೆಯಲ್ಲಿ ಸರ್ಕಾರಿ ಗ್ಯಾಸ್ ಕಂಪನಿ ಗೇಲ್ ಅದನ್ನು ಎರಡು ಸಾವಿರ ಕೋಟಿ ಚಿಲ್ಲರೆಗೆ ಕೊಂಡಿತು. ಈಗ ಅದರ ಹೆಸರು ಗೇಲ್ ಮ್ಯಾಂಗಲೋರ್ ಪೆಟ್ರೋಕೆಮಿಕಲ್ಸ್.

ಆ ಘಟಕ ಪೂರ್ತಿ ಓಡಿದರೆ ಪಿಟಿಎ ಮಾರುವವರ ಸಾಲಿನಲ್ಲಿ ಇಂಡಿಯನ್ ಆಯಿಲ್ ಜೊತೆ ಇನ್ನೊಂದು ಸರ್ಕಾರಿ ಕಂಪನಿ ನಿಲ್ಲುತ್ತದೆ. ಚೀನಾದ ಹೆಚ್ಚುವರಿ ಸಾಮರ್ಥ್ಯ ಎಲ್ಲೂ ಹೋಗಿಲ್ಲ. ನಾಳೆ ಯಾರಾದರೂ 29173600 ಎಂದು ಬರೆದು ಮತ್ತೆ ಜೀವನ್ ತಾರಾ ಕಟ್ಟಡದ ಮೆಟ್ಟಿಲು ಹತ್ತಿದರೆ, ಅರ್ಜಿಯಲ್ಲಿ ಸಹಿ ಹಾಕುವವರಲ್ಲಿ ಸರ್ಕಾರದ್ದೇ ಕಂಪನಿ ಇರಬಹುದು. ಸುಂಕ ಬೇಕಾ ಬೇಡವಾ ಎಂದು ಕೊನೆಗೆ ನಿರ್ಧರಿಸುವ ಮೇಜಿನ ಹಿಂದೆಯೂ ಸರ್ಕಾರವೇ ಇರುತ್ತದೆ.